ಊರಿಲ್ಲದ ಲೆಕ್ಕ

ಷೇರುಪೇಟೆಯ ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳು ಈಚೆಗೆ ಇನ್ನಷ್ಟು ದಪ್ಪವಾಗಿವೆ. ಅದಕ್ಕೆ ಒಂದು ಕಾರಣ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದರ ನಮೂನೆಯನ್ನು ಹೊರಡಿಸಿದ್ದು 2021ರ ಮೇ ತಿಂಗಳಲ್ಲಿ. 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನದಲ್ಲಿರುವ ಕಂಪನಿಗಳಿಗೆ ಇದು ಕಡ್ಡಾಯ. ಹೂಡಿಕೆದಾರರಿಗಾಗಿ ರೂಪಿಸಿದ ದಾಖಲೆ ನಿಜ; ಆದರೆ ಇದನ್ನು ಕಾರ್ಖಾನೆಯ ಕಾಂಪೌಂಡಿನ ಆಚೆ ಮನೆಯಿರುವವರ ಕಣ್ಣಿನಿಂದಲೂ ಓದಬೇಕು. ಹಾಗೆ ಓದಿದಾಗಲೇ ಇದರ ಗುಣವೂ ದೋಷವೂ ಎದ್ದು ಕಾಣುವುದು.

ಗುಣ ಮೊದಲು. 2012ರಿಂದ ಇದ್ದ ಹಳೆಯ ನಮೂನೆ ‘ನೀತಿ ಇದೆಯೇ’ ಎಂದು ಕೇಳಿ, ಹೌದು–ಇಲ್ಲಗಳಲ್ಲೇ ಬಹುಪಾಲು ಮುಗಿದುಹೋಗುತ್ತಿತ್ತು. ಹೊಸದು ಅಂಕಿ ಕೇಳುತ್ತದೆ. ಕಾಯಂ ನೌಕರರೆಷ್ಟು, ಕಾಯಂ ಅಲ್ಲದವರೆಷ್ಟು; ಕನಿಷ್ಠ ವೇತನಕ್ಕೆ ಸರಿಯಾಗಿ ಪಡೆಯುವವರೆಷ್ಟು, ಅದಕ್ಕಿಂತ ಹೆಚ್ಚು ಪಡೆಯುವವರೆಷ್ಟು; ಒಟ್ಟು ಸಂಬಳದಲ್ಲಿ ಹೆಂಗಸರ ಪಾಲೆಷ್ಟು. ಗುತ್ತಿಗೆ ಕಾರ್ಮಿಕರ ಬೆನ್ನ ಮೇಲೆ ನಿಂತ ಉದ್ಯಮಗಳು ಆ ಬೆನ್ನುಗಳನ್ನು ಎಣಿಸಿ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದು ಸಣ್ಣ ಮಾತಲ್ಲ. ಹವಾಮಾನದ ಹೆಸರಿನಲ್ಲಿ ಹೆಚ್ಚು ಚರ್ಚೆಯಾಗುವ ಈ ವರದಿಯ ಅತ್ಯುತ್ತಮ ಪುಟಗಳು ನನ್ನ ಮಟ್ಟಿಗೆ ಕೂಲಿಯ ಪುಟಗಳೇ.

ಪರಿಸರದ ಭಾಗಕ್ಕೆ ಬಂದರೆ ಕಥೆ ಬೇರೆ. ವರ್ಷಕ್ಕೆ ಎಷ್ಟು ನೀರು ಎತ್ತಿದಿರಿ ಎಂಬುದು ಕಡ್ಡಾಯ ಪ್ರಶ್ನೆ. ಮೇಲ್ಮೈ ನೀರು, ಅಂತರ್ಜಲ, ಬೇರೆಯವರಿಂದ ಕೊಂಡದ್ದು, ಸಮುದ್ರದ್ದು ಎಂದು ಮೂಲವಾರು ಕಿಲೋಲೀಟರ್‌ಗಳಲ್ಲಿ ಉತ್ತರಿಸಬೇಕು. ಆದರೆ ಉತ್ತರ ಇಡೀ ಕಂಪನಿಯದು, ಎಲ್ಲ ಘಟಕಗಳನ್ನೂ ಕೂಡಿಸಿದ್ದು. ಮಂಗಳೂರಿನಲ್ಲಿ ಎತ್ತಿದ ಒಂದು ಕಿಲೋಲೀಟರಿಗೂ ಕೋಲಾರದಲ್ಲಿ ಎತ್ತಿದ ಒಂದು ಕಿಲೋಲೀಟರಿಗೂ ಇಲ್ಲಿ ಒಂದೇ ತೂಕ. ಅಂತರ್ಜಲವನ್ನು ಮಿತಿಮೀರಿ ಬಳಸಿರುವ ಜಿಲ್ಲೆಗಳ ಪಟ್ಟಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಹೆಸರು ತಪ್ಪಿದ್ದಿಲ್ಲ. ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳಿರುವುದು ಅಂಥ ನೆಲದಲ್ಲೇ. ನೀರಿನ ಅಭಾವವಿರುವ ಪ್ರದೇಶದಲ್ಲಿ ನಿಮ್ಮ ಯಾವ ಘಟಕವಿದೆ, ಅದು ಎಷ್ಟು ನೀರು ಎತ್ತುತ್ತದೆ ಎಂಬ ಪ್ರಶ್ನೆಯನ್ನು ಸೆಬಿ ಮರೆತಿಲ್ಲ; ನಮೂನೆಯಲ್ಲಿದೆ. ಆದರೆ ಇರುವುದು ‘ನಾಯಕತ್ವ ಸೂಚಕ’ಗಳ ಸಾಲಿನಲ್ಲಿ. ಅಂದರೆ ಮನಸ್ಸಿದ್ದವರು ಉತ್ತರಿಸಬಹುದು, ಇಲ್ಲದವರು ಖಾಲಿ ಬಿಡಬಹುದು.

ಮಾರಿದ ಸರಕಿನಿಂದಲೂ ಕೊಂಡ ಸರಕಿನಿಂದಲೂ ಹುಟ್ಟುವ ಹೊಗೆಯ ಲೆಕ್ಕ, ಅಂದರೆ ಸ್ಕೋಪ್ 3, ಇರುವುದೂ ಅದೇ ಸಾಲಿನಲ್ಲಿ. ಕಾರು ತಯಾರಿಸುವ ಕಂಪನಿಯ ಹೊಗೆಯ ದೊಡ್ಡ ಪಾಲು ರಸ್ತೆಗಿಳಿದ ಕಾರುಗಳದ್ದು. ಅದನ್ನು ಬಿಟ್ಟು ಕಾರ್ಖಾನೆಯ ಬಾಯ್ಲರ್, ಕರೆಂಟು ಬಿಲ್ಲುಗಳ ಲೆಕ್ಕವನ್ನಷ್ಟೇ ಕೊಟ್ಟರೂ ಅದರ ವರದಿ ನಿಯಮದ ಪ್ರಕಾರ ಪೂರ್ಣ.

ಹೊಗೆಯ ತೀವ್ರತೆಯನ್ನು ಅಳೆಯುವ ವಿಧಾನವನ್ನೂ ನೋಡಿ. ಒಂದು ರೂಪಾಯಿ ವಹಿವಾಟಿಗೆ ಎಷ್ಟು ಇಂಗಾಲ ಎಂಬುದು ಇಲ್ಲಿನ ಮುಖ್ಯ ಅಳತೆ. ಉಕ್ಕಿನ ಬೆಲೆ ಏರಿದ ವರ್ಷ, ಚಿಮಣಿಯ ಹೊಗೆ ಒಂದು ಟನ್ನೂ ಕಡಿಮೆಯಾಗದಿದ್ದರೂ ಈ ಅಂಕಿ ತಾನಾಗಿ ಇಳಿಯುತ್ತದೆ. ತಯಾರಾದ ಸರಕಿನ ಪ್ರಮಾಣಕ್ಕೆ ಹೋಲಿಸಿದ ಅಂಕಿಯನ್ನೂ ನಮೂನೆ ಕೇಳುತ್ತದೆ ಎನ್ನಬೇಕು. ಹಣದ ಅಂಕಿಗಿಂತ ಮೊದಲು ಓದಬೇಕಾದ್ದು ಅದನ್ನೇ.

2023ರ ಜುಲೈನಲ್ಲಿ ಸೆಬಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಯ್ದ ಒಂಬತ್ತು ವಿಷಯಗಳ ‘ಬಿಆರ್‌ಎಸ್‌ಆರ್ ಕೋರ್’ ರೂಪಿಸಿ, ಅವುಗಳ ಅಂಕಿಗಳನ್ನು ಹೊರಗಿನವರು ಪರಿಶೀಲಿಸಿ ಖಾತರಿ ಕೊಡಬೇಕು ಎಂದಿತು. ಮೊದಲ ವರ್ಷ 150 ಕಂಪನಿ, 2026–27ರ ಹೊತ್ತಿಗೆ ಸಾವಿರ. ಮೊದಲ 250 ಕಂಪನಿಗಳು ತಮಗೆ ಸರಕು ಒದಗಿಸುವವರ ಲೆಕ್ಕವನ್ನೂ ಕೊಡಬೇಕೆಂದಿತು. ಆಮೇಲೆ ಹಿಂಜರಿಕೆ. 2025ರ ಮಾರ್ಚ್‌ನ ಸುತ್ತೋಲೆಯಲ್ಲಿ ಸರಬರಾಜುದಾರರ ಲೆಕ್ಕ ಒಂದು ವರ್ಷ ಮುಂದಕ್ಕೆ ಹೋಯಿತು, ಐಚ್ಛಿಕವೂ ಆಯಿತು. ‘ಖಾತರಿ’ ಎಂದಿದ್ದ ಕಡೆ ‘ಮೌಲ್ಯಮಾಪನ ಅಥವಾ ಖಾತರಿ’ ಎಂದಾಯಿತು.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಬೈಯುವುದು ನ್ಯಾಯವಲ್ಲ. ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವವನಿಗೆ ಜಿಎಸ್‌ಟಿ ಕಟ್ಟುವುದರಲ್ಲೇ ಸಾಕುಬೇಕಾಗಿರುತ್ತದೆ. ಇಂಗಾಲದ ಎಕ್ಸೆಲ್ ಹಾಳೆಯನ್ನು ಅವನ ಮೇಲೆ ಹೇರಿ, ತುಂಬಲು ಯಾರೂ ನೆರವಾಗದಿದ್ದರೆ ಅವನು ಬರೆಯುವುದು ಅಂದಾಜಿನ ಅಂಕಿಯೇ. ಆ ವಿಳಂಬವನ್ನು ಒಪ್ಪಬಹುದು. ಒಪ್ಪಲಾಗದ್ದು ಎರಡನೆಯದು. ಮೌಲ್ಯಮಾಪನದ ಮಾನದಂಡಗಳನ್ನು ಬರೆಯುವ ಕೆಲಸ ಸಿಐಐ, ಫಿಕ್ಕಿ, ಅಸೋಚಾಂಗಳಂಥ ಉದ್ಯಮ ಸಂಘಟನೆಗಳ ವೇದಿಕೆಗೆ ಹೋಗಿದೆ. ಸೆಬಿಯೊಡನೆ ಸಮಾಲೋಚಿಸಬೇಕೆಂಬ ಷರತ್ತು ಇದೆ. ಆದರೂ ಪರೀಕ್ಷೆಗೆ ಕೂರುವವರೇ ಪ್ರಶ್ನೆಪತ್ರಿಕೆಯ ಕರಡು ಬರೆಯುತ್ತಿದ್ದಾರೆ.

ಹಿಂದಡಿ ಇಟ್ಟದ್ದು ನಾವಷ್ಟೇ ಅಲ್ಲ. ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ 2024ರ ಮಾರ್ಚ್‌ನಲ್ಲಿ ಹವಾಮಾನ ನಿಯಮ ತಂದು, ಮರುವರ್ಷದ ಅದೇ ತಿಂಗಳು ಅದನ್ನು ಕೋರ್ಟಿನಲ್ಲಿ ಸಮರ್ಥಿಸುವುದನ್ನೇ ಕೈಬಿಟ್ಟಿತು. ಯುರೋಪೂ 2025ರಲ್ಲಿ ವರದಿಯ ಬಲೆಯಿಂದ ಸಾವಿರಾರು ಕಂಪನಿಗಳನ್ನು ಹೊರಬಿಡಲು ಹೊರಟಿತು. ಆದರೆ ಅದೇ ಯುರೋಪಿನ ಗಡಿ ಇಂಗಾಲ ಶುಲ್ಕ 2026ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಉಕ್ಕು ಯಾವ ಸ್ಥಾವರದಲ್ಲಿ ತಯಾರಾಯಿತು, ಅಲ್ಲಿ ಟನ್ನಿಗೆ ಎಷ್ಟು ಹೊಗೆ ಬಂತು ಎಂದು ಅದು ಕೇಳುತ್ತದೆ. ತೋರಣಗಲ್ಲಿನಲ್ಲಿ ತಯಾರಾದ ಉಕ್ಕು ಯುರೋಪಿಗೆ ಹೋಗಬೇಕಾದರೆ ತೋರಣಗಲ್ಲಿನದೇ ಲೆಕ್ಕ ಬೇಕು. ಕಂಪನಿಯ ಮುಂಬೈ ಕೇಂದ್ರ ಕಚೇರಿಯ ಸರಾಸರಿ ಅಲ್ಲಿ ನಡೆಯದು. ಹೊರಗಿನ ಗಿರಾಕಿಗೆ ಸಿಗುವ ಈ ಮಾಹಿತಿಯನ್ನು ಸ್ಥಾವರದ ನೆರೆಯ ಹಳ್ಳಿಯವನು ಬಿಆರ್‌ಎಸ್‌ಆರ್ ತಿರುವಿ ಪಡೆಯಲಾರ.

ಘಟಕವಾರು ಲೆಕ್ಕ ಕೇಳಿದರೆ ಹೊರೆಯಾಗುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ಪರಿಸರ ಸಂರಕ್ಷಣಾ ನಿಯಮಗಳ ನಮೂನೆ ಐದರ ಪ್ರಕಾರ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕಾದ ಕಾರ್ಖಾನೆಗಳು ವರ್ಷವರ್ಷವೂ ಸೆಪ್ಟೆಂಬರ್ 30ರೊಳಗೆ ಪರಿಸರ ಹೇಳಿಕೆ ಸಲ್ಲಿಸಲೇಬೇಕು. ತಯಾರಿಕೆಗೆ, ತಂಪು ಮಾಡಲು, ಗೃಹಬಳಕೆಗೆ ದಿನಕ್ಕೆ ಎಷ್ಟು ನೀರು ಹೋಯಿತು ಎಂಬುದು ಅದರಲ್ಲಿ ಘಟಕವಾರು ಇರುತ್ತದೆ. ಕರ್ನಾಟಕದ ಘಟಕಗಳದ್ದು ರಾಜ್ಯ ಮಂಡಳಿಗೆ ಹೋಗುತ್ತದೆ. ಆ ಅಂಕಿಯನ್ನೇ ಊರಿನ ಹೆಸರಿನೊಡನೆ ಬಿಆರ್‌ಎಸ್‌ಆರ್‌ನ ಕಡ್ಡಾಯ ಭಾಗಕ್ಕೆ ತರಲು ಸೆಬಿಗೆ ಒಂದು ಸುತ್ತೋಲೆ ಸಾಕು, ಕಂಪನಿಗಳು ಹೊಸ ಮೀಟರ್ ಕೂರಿಸುವ ಅಗತ್ಯವೂ ಇಲ್ಲ.