ತುಂಡುಗಳ ನಡುವೆ ನಡೆದವನು: ಆದಿಕಾಂಡ 15ರ ವ್ಯಾಖ್ಯಾನ

ವಚನ 1–3. ದೇವರು ಅಭಯ ಕೊಡುತ್ತಾನೆ; ಅಬ್ರಾಮ ತನ್ನ ಕೊರಗನ್ನು ತೋಡಿಕೊಳ್ಳುತ್ತಾನೆ. ಹಾರಾನ್ ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ಸಂತಾನದ ಮಾತು ಸಿಕ್ಕಿ ಎಷ್ಟೋ ಕಾಲವಾಯಿತು, ತೊಟ್ಟಿಲು ಮಾತ್ರ ತೂಗಲಿಲ್ಲ. ದಮಸ್ಕದ ಎಲೀಯೆಜರನೇ ತನ್ನ ಆಸ್ತಿಗೆ ಬಾಧ್ಯನಾಗುವನಲ್ಲ ಎಂಬ ಸಂಕಟವನ್ನು ಅವನು ಮುಚ್ಚಿಡುವುದಿಲ್ಲ.

ವಚನ 4–5. ಮಗ ನಿನ್ನಿಂದಲೇ ಹುಟ್ಟುವನು ಎಂಬ ಉತ್ತರ. ಜೊತೆಗೆ, ಆ ಸಂತಾನಕ್ಕೆ ಹೋಲಿಕೆಯಾಗಿ ಎಣಿಸಲಾಗದ ನಕ್ಷತ್ರಗಳು.

ವಚನ 6. ಅಬ್ರಾಮ ನಂಬಿದ, ಆ ನಂಬಿಕೆಯೇ ಅವನ ಪಾಲಿಗೆ ನೀತಿಯಾಯಿತು. ಸುನ್ನತಿಯ ಆಜ್ಞೆ ಬರುವುದು 17ನೆಯ ಅಧ್ಯಾಯದಲ್ಲಿ, ಅಂದರೆ ಇದಾದ ಮೇಲೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನ ವಾದ ನಿಂತಿರುವುದು ಈ ಹಿಂದುಮುಂದಿನ ಮೇಲೆಯೇ. ಯಾಕೋಬನೋ ತನ್ನ ಪತ್ರದಲ್ಲಿ ಇದೇ ವಚನವನ್ನು ಹಿಡಿದು, ಮಗನನ್ನು ಯಜ್ಞವೇದಿಯ ಮೇಲಿಟ್ಟ ದಿನ ಆ ನಂಬಿಕೆ ಪೂರ್ಣವಾಯಿತು ಎನ್ನುತ್ತಾನೆ.

ವಚನ 7–8. ನಂಬಿದವನೇ ಈಗ, ಈ ದೇಶ ನನ್ನದಾಗುವುದೆಂದು ತಿಳಿಯುವುದು ಹೇಗೆ ಎನ್ನುತ್ತಾನೆ. ಇದನ್ನು ಅಪನಂಬಿಕೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ದೇವರು ಗದರಿಸಿಲ್ಲ; ಆ ಪ್ರಶ್ನೆಯನ್ನೇ ಒಡಂಬಡಿಕೆಗೆ ದಾರಿ ಮಾಡಿಕೊಂಡಿದ್ದಾನೆ.

ವಚನ 9–10. ಮೂರು ವರ್ಷದ ಕಡಸು, ಆಡು, ಟಗರು. ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ. ಹಕ್ಕಿಗಳನ್ನು ಬಿಟ್ಟು ಉಳಿದವನ್ನು ಕಡಿದು ಹೋಳುಗಳನ್ನು ಎದುರುಬದುರಾಗಿ ಇಟ್ಟ. ಇದರ ಅರ್ಥಕ್ಕೆ ಯೆರೆಮೀಯ 34ನ್ನು ಓದಬೇಕು. ಯೆರೂಸಲೇಮಿನ ಪ್ರಮುಖರು ಕರುವಿನ ಹೋಳುಗಳ ನಡುವೆ ಹಾದು, ದಾಸರನ್ನು ಬಿಡುಗಡೆ ಮಾಡುವುದಾಗಿ ಆಣೆಯಿಟ್ಟು, ಆಮೇಲೆ ಮಾತು ಮುರಿದರು. ಆ ಕರುವಿನ ಗತಿಯೇ ನಿಮಗೂ ಎಂಬ ತೀರ್ಪು ಬಂತು. ಸಿರಿಯಾದ ಸೆಫೀರೆಯಲ್ಲಿ ದೊರೆತ, ಕ್ರಿ.ಪೂ. 8ನೆಯ ಶತಮಾನದ ಒಪ್ಪಂದ ಶಾಸನದಲ್ಲೂ ಕರು ಸೀಳುವ ಇಂಥದೇ ಶಾಪವಿದೆ. ಹಾದುಹೋಗುವವನು ತನ್ನ ಪ್ರಾಣವನ್ನೇ ಪಣಕ್ಕಿಡುತ್ತಿದ್ದ.

ವಚನ 11. ಹದ್ದುಗಳು ಎರಗುತ್ತವೆ, ಅಬ್ರಾಮ ಓಡಿಸುತ್ತಾನೆ. ವ್ಯಾಖ್ಯಾನಕಾರರು ಈ ವಚನವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಇಲ್ಲಿ ನಿಲ್ಲಬೇಕೆನಿಸುತ್ತದೆ. ದೇವರು ಇನ್ನೂ ಕಾಣಿಸಿಕೊಂಡಿಲ್ಲ. ಮಾಂಸ ಬಿಸಿಲಿಗೆ ಬಿದ್ದಿದೆ. ಹೇಳಿದಷ್ಟನ್ನು ಮಾಡಿದ ಮುದುಕ ಅದನ್ನು ಕಾಯುತ್ತಿದ್ದಾನೆ. ಆ ಹೊತ್ತಿನಲ್ಲಿ ನಂಬಿಕೆಯೆಂದರೆ ಅಷ್ಟೇ ಕೆಲಸ.

ವಚನ 12–16. ಗಾಢನಿದ್ರೆ, ಭಯ ಹುಟ್ಟಿಸುವ ಕತ್ತಲು. ವಾಗ್ದಾನದೊಳಗೇ ಅವನ ಸಂತತಿಯ 400 ವರ್ಷಗಳ ಪರದೇಶವಾಸ, ದಾಸತ್ವ ಅಡಗಿವೆ. ಆ ದೇಶದಲ್ಲಿದ್ದ ಅಮೋರಿಯರ ಪಾಪ ಇನ್ನೂ ತುಂಬದಿರುವುದೂ ಈ ವಿಳಂಬಕ್ಕೆ ಕಾರಣ: ಪರರಿಗೆ ಅನ್ಯಾಯವಾಗುವಂತೆ ದೇವರು ತನ್ನವನಿಗೆ ಕೊಡುವುದಿಲ್ಲ.

ವಚನ 17. ಹೊಗೆಯಾಡುವ ಒಲೆ, ಉರಿಯುವ ದೀವಟಿಗೆ ಹೋಳುಗಳ ನಡುವೆ ಹಾದವು. ಅಬ್ರಾಮ ಹಾದುಹೋದನೆಂದು ಎಲ್ಲೂ ಹೇಳಿಲ್ಲ. ಮಾತು ಮುರಿದರೆ ಬರುವ ಶಾಪವನ್ನು ದೇವರೊಬ್ಬನೇ ತನ್ನ ಮೇಲೆ ಎಳೆದುಕೊಂಡ! ಕಡಿದಿಟ್ಟವನು ಮನುಷ್ಯ, ನಡೆದವನು ದೇವರು.

ವಚನ 18–21. ಐಗುಪ್ತದ ನದಿಯಿಂದ ಯೂಫ್ರೇಟೀಸಿನವರೆಗೆ, ಹತ್ತು ಜನಾಂಗಗಳ ನಾಡು. ಆದರೆ 23ನೆಯ ಅಧ್ಯಾಯದಲ್ಲಿ, ಹೆಂಡತಿ ಸಾರಳನ್ನು ಹೂಳಲು, ಆಗ ಅಬ್ರಹಾಮನೆನಿಸಿಕೊಂಡಿದ್ದ ಅಬ್ರಾಮ ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಳ್ಳುತ್ತಾನೆ. ತನಗೆ ಕೊಟ್ಟ ನಾಡೆಂದು ಅವನು ಆ ಗವಿಯನ್ನು ಪುಕ್ಕಟೆ ಕೇಳಲಿಲ್ಲ.