ಬೆಳೆಯುವ ಬೆನ್ನಿಗೆ ಯಾವ ಜೀನು?

ಇಳಿಜಾರಿನಲ್ಲಿ ಹತ್ತು ಹೆಜ್ಜೆ ನಡೆಸಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಮಟ್ಟಸವಾದ ಅಂಗಳದಲ್ಲಿ ಅಚ್ಚುಕಟ್ಟಾಗಿ ಕೂತಿದ್ದ ಜೀನು ಮೆಲ್ಲಗೆ ಮುಂದಕ್ಕೆ ಜಾರಿ ತಟ್ಟುವಿನ ಹೆಗಲೇರುತ್ತದೆ. ಮೇಲೆ ಕೂತ ಮಗು ಗಾಬರಿಯಾಗಿ ಕುತ್ತಿಗೆಯ ಕೂದಲು ಹಿಡಿದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ವೆಲ್ಷ್ ಪೋನಿ ಸಾಕಿದವರಿಗೆ ಇದು ಹೊಸ ಕಥೆಯಲ್ಲ. ನಾಲ್ಕು ವರ್ಷ ತುಂಬಿದ ಮರಿಗೆ ಮೊದಲ ಸಲ ಜೀನು ಹಾಕುವ ದಿನ ಬರುತ್ತದೆ, ಮನೆಯಲ್ಲಿದ್ದ ಮೂರು ಹಳೆಯ ಜೀನುಗಳಲ್ಲಿ ಒಂದೂ ಅದರ ಬೆನ್ನಿಗೆ ಒಪ್ಪುವುದಿಲ್ಲ.

ಕುಣಿಗಲ್ ಸ್ಟಡ್ ಫಾರ್ಮ್‌ನ ಥರೋಬ್ರೆಡ್‌ಗಳನ್ನು ನೋಡಿದ ಕಣ್ಣಿಗೆ ವೆಲ್ಷ್ ಮೌಂಟನ್ ಪೋನಿ ಬೇರೆಯೇ ಪ್ರಾಣಿಯಂತೆ ಕಂಡೀತು. ಥರೋಬ್ರೆಡ್‌ಗೆ ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎತ್ತರದ ಎಲುಬಿನ ದಿಬ್ಬವೊಂದಿರುತ್ತದೆ. ಇಂಗ್ಲಿಷರು ಅದನ್ನು ವಿದರ್ಸ್ ಎನ್ನುತ್ತಾರೆ. ಜೀನು ಅತ್ತಿತ್ತ ಹೊರಳದಂತೆ ತಡೆಯುವ ಗೂಟವೇ ಅದು. ವೆಲ್ಷ್ ತಟ್ಟುವಿಗೆ ಆ ದಿಬ್ಬ ಹೆಸರಿಗಷ್ಟೇ. ಎತ್ತರ 12 ಹ್ಯಾಂಡ್, ಅಂದರೆ ಸುಮಾರು 122 ಸೆಂಟಿಮೀಟರ್ ಮೀರಿದರೆ ಅದು ‘ಸೆಕ್ಷನ್ ಎ’ ವರ್ಗಕ್ಕೆ ಸೇರುವುದಿಲ್ಲ. ಅಷ್ಟರೊಳಗೇ ಅಗಲವಾದ ಹೆಗಲು, ಪೀಪಾಯಿಯಂಥ ಹೊಟ್ಟೆ, ಗಿಡ್ಡ ಬೆನ್ನು. ಗುಡ್ಡದ ಒಣಹುಲ್ಲು ತಿಂದು ಬದುಕಲೆಂದೇ ರೂಪುಗೊಂಡ ದೇಹ ತಗ್ಗಿನ ಹುಲುಸಾದ ಮೇವಿಗೆ ಬಿದ್ದರೆ ಕೆಲವೇ ವಾರಗಳಲ್ಲಿ ಉಬ್ಬುತ್ತದೆ. ಮಾರ್ಚ್‌ನಲ್ಲಿ ಸರಿಹೋದ ಜೀನು ಜೂನ್‌ನಲ್ಲಿ ಬಿಗಿಯಾಗುವುದು ಇದರಿಂದಲೇ.

ಎಳೆಯ ವಯಸ್ಸಿನ ತೊಡಕು ಇದರ ಮೇಲೊಂದು. ಮರಿಗಳು ಒಂದೇ ಸಮನೆ ಬೆಳೆಯುವುದಿಲ್ಲ. ಹಲವು ತಿಂಗಳು ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿರುತ್ತದೆ. ಆಗ ಬೆನ್ನೇ ಒಂದು ಇಳಿಜಾರು, ಜೀನು ಜಾರಲು ಗುಡ್ಡವೂ ಬೇಕಿಲ್ಲ. ಕಾಲಿನ ಎಲುಬುಗಳು ಬಲಿತ ಮೇಲೂ ಬೆನ್ನೆಲುಬಿನ ಬೆಳವಣಿಗೆ ನಡೆದೇ ಇರುತ್ತದೆ, ಅದು ಪೂರ್ತಿ ಬಲಿಯುವಾಗ ಐದೂವರೆ ವರ್ಷವಾದರೂ ಕಳೆದಿರುತ್ತದೆ. ಅಂದರೆ ನಾಲ್ಕರ ಹರೆಯದಲ್ಲಿ ಜೀನು ಹೊರುವ ಬೆನ್ನು ಇನ್ನೂ ಹಸಿಗೋಡೆ. ಜೀವಮಾನಕ್ಕೆಲ್ಲ ಒಂದೇ ಜೀನು ಎಂದು ಈ ವಯಸ್ಸಿನಲ್ಲಿ ದೊಡ್ಡ ಮೊತ್ತ ಸುರಿಯುವುದು ತಪ್ಪು ಲೆಕ್ಕ. ಇವತ್ತಿನ ಬೆನ್ನಿಗೆ ಸರಿಹೋಗುವ, ನಾಳೆ ಮಾರಿದರೆ ಒಳ್ಳೆಯ ಬೆಲೆ ಬರುವ ಜೀನೇ ಈಗ ಬೇಕಾದದ್ದು.

ಅಳತೆಯ ಕೆಲಸಕ್ಕೆ ದುಬಾರಿ ಉಪಕರಣ ಬೇಕಿಲ್ಲ. ನಕ್ಷೆ ಬರೆಯುವವರು ಬಳಸುವ, ಬಾಗಿಸಿದರೆ ಬಾಗಿದಂತೆಯೇ ನಿಲ್ಲುವ ರಬ್ಬರಿನ ಪಟ್ಟಿಯೊಂದು ಸಾಕು. ತಟ್ಟುವನ್ನು ಮಟ್ಟಸ ನೆಲದಲ್ಲಿ ನಾಲ್ಕೂ ಕಾಲು ಸಮವಾಗಿ, ತಲೆ ನೇರವಾಗಿ ಇರುವಂತೆ ನಿಲ್ಲಿಸಬೇಕು. ಹೆಗಲೆಲುಬಿನ ಹಿಂದೆ ಎರಡು ಬೆರಳು ಬಿಟ್ಟು ಒಂದು ಕಡೆ, ಬೆನ್ನಿನ ಅತಿ ತಗ್ಗಿನಲ್ಲಿ ಇನ್ನೊಂದು ಕಡೆ, ಕೊನೆಯ ಪಕ್ಕೆಲುಬಿನ ಹತ್ತಿರ ಮತ್ತೊಂದು ಕಡೆ ಪಟ್ಟಿಯನ್ನು ಒತ್ತಿ, ಆ ಬಾಗನ್ನು ಕಾಗದದ ಮೇಲಿಟ್ಟು ಗೆರೆ ಎಳೆಯಬೇಕು. ನಾಲ್ಕನೆಯ ಗೆರೆ ಬೆನ್ನಿನ ಉದ್ದಕ್ಕೆ. ಬಹಳ ಜನ ಮರೆಯುವುದು ಈ ನಾಲ್ಕನೆಯದನ್ನೇ. ಕುದುರೆಗೆ 18 ಜೊತೆ ಪಕ್ಕೆಲುಬು. ಭಾರ ಹೊರಬೇಕಾದದ್ದು ಅವುಗಳ ಆಸರೆಯಿರುವ ಜಾಗ ಮಾತ್ರ. ಕೊನೆಯ ಪಕ್ಕೆಲುಬು ದಾಟಿ ಜೀನು ಹಿಂದಕ್ಕೆ ಚಾಚಿದರೆ ಭಾರವೆಲ್ಲ ಸೊಂಟದ ಮೇಲೆ. ಪುಟ್ಟ ವೆಲ್ಷ್ ತಟ್ಟುವಿನ ಮೇಲೆ ದೊಡ್ಡವರ 17 ಇಂಚಿನ ಜೀನು ಹೇರಿದಾಗ ಆಗುವುದೂ ಇದೇ.

ಇನ್ನು ಜೀನಿನ ಒಡಲಿನ ಮಾತು. ಚರ್ಮದ ಕೆಳಗೆ ಅಡಗಿರುವ ಚೌಕಟ್ಟಿಗೆ ಇಂಗ್ಲಿಷ್ ಕಸುಬುದಾರರು ‘ಟ್ರೀ’ ಎನ್ನುತ್ತಾರೆ. ಬೀಚ್ ಮರದ ತೆಳು ಹಾಳೆಗಳನ್ನು ಅಂಟಿಸಿ, ಉಕ್ಕಿನ ಪಟ್ಟಿ ಬಿಗಿದು ಮಾಡುವುದು ಹಳೆಯ ಪದ್ಧತಿ. ಈ ಕೆಲಸದ ತವರು ಬರ್ಮಿಂಗ್‌ಹ್ಯಾಮ್ ಪಕ್ಕದ ವಾಲ್ಸಾಲ್. ಆ ಊರಿಗೂ ಜೀನಿಗೂ ಎಷ್ಟು ನಂಟೆಂದರೆ, ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ‘ಸ್ಯಾಡ್ಲರ್ಸ್’. ಕನ್ನಡದಲ್ಲಿ ಹೇಳುವುದಾದರೆ ಜೀನಗಾರರು. ನಮ್ಮಲ್ಲಿಯೂ ಆ ಹೆಸರಿನ ಕಸುಬಿತ್ತು ಎಂಬುದು ನೆನಪಿರಲಿ. ಭಾರತದಲ್ಲಿ ಇವತ್ತು ಆ ಸ್ಥಾನ ಕಾನ್ಪುರದ್ದು. ಅಲ್ಲಿನ ಜೀನುಗಾರಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಅಲ್ಲಿ ಹೊಲಿದ ಜೀನುಗಳು ಹೊರದೇಶಗಳಿಗೂ ಹೋಗುತ್ತವೆ.

ಕೊಳ್ಳುವವರು ಮೋಸಹೋಗುವುದು ಅಗಲದ ಚೀಟಿಯಲ್ಲಿ. ನ್ಯಾರೋ, ಮೀಡಿಯಂ, ವೈಡ್ ಎಂಬ ಗುರುತುಗಳಿಗೆ ಎಲ್ಲ ತಯಾರಕರೂ ಒಪ್ಪಿದ ಒಂದೇ ಅಳತೆ ಎಂಬುದಿಲ್ಲ. ಒಬ್ಬರ ವೈಡ್ ಇನ್ನೊಬ್ಬರ ಮೀಡಿಯಂ ಆಗಿರಬಹುದು. ಅದಕ್ಕಿಂತ ಮುಖ್ಯವಾದದ್ದು ಕಮಾನಿನ ಆಕಾರ. ದಿಬ್ಬವಿರುವ ಬೆನ್ನಿಗೆ ತಲೆಕೆಳಗಾದ ಇಂಗ್ಲಿಷಿನ ‘ವಿ’ ಅಕ್ಷರದಂಥ ಕಮಾನು ಹೊಂದುತ್ತದೆ. ಚಪ್ಪಟೆ ಬೆನ್ನಿನ ತಟ್ಟುವಿಗೆ ತಲೆಕೆಳಗಾದ ‘ಯು’ ಬೇಕು. ಇದನ್ನು ಬ್ರಿಟನ್ನಿನಲ್ಲಿ ‘ಹೂಪ್ ಟ್ರೀ’ ಎಂದು ಕೇಳಿ ಪಡೆಯುತ್ತಾರೆ. ಆಕಾರ ತಪ್ಪಿದ ಜೀನು ಎಷ್ಟೇ ಅಗಲವಾಗಿದ್ದರೂ ತುದಿಗಳಲ್ಲಿ ಚುಚ್ಚುತ್ತದೆ, ಇಲ್ಲವೇ ನಡುವೆ ಸೇತುವೆಯಂತೆ ಎದ್ದು ನಿಲ್ಲುತ್ತದೆ. ಆಸ್ಟ್ರೇಲಿಯಾದ ವಿಂಟೆಕ್, ವಾಲ್ಸಾಲ್‌ನ ಥೊರೊಗುಡ್ ಮುಂತಾದವರ ಜೀನುಗಳಲ್ಲಿ ಕಮಾನಿನ ಲೋಹದ ತುಂಡನ್ನು ಬದಲಿಸಿ ಅಗಲ ಹೆಚ್ಚುಕಡಿಮೆ ಮಾಡಬಹುದು. ಬೆಳೆಯುವ ಮರಿಗೆ ಇದು ನಿಜವಾದ ಅನುಕೂಲ. ಆದರೆ ತುಂಡು ಬದಲಿಸಿದರೆ ಬದಲಾಗುವುದು ಮುಂದಿನ ಅಗಲ ಮಾತ್ರ. ಹಿಂದಿನ ಹಾಸಿನ ಬಾಗು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ಆಕಾರ ನೋಡಬೇಕು, ಅಗಲದ ಮಾತು ಆಮೇಲೆ.

ಚೌಕಟ್ಟೇ ಇಲ್ಲದ ಜೀನು ಕೊಂಡರೆ ಈ ಗೋಜಲೇ ಇರದಲ್ಲ ಎಂದು ಕೆಲವರಿಗೆ ಅನಿಸುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹಿಲರಿ ಕ್ಲೇಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಬಗೆಯ ಜೀನುಗಳ ಕೆಳಗಿನ ಒತ್ತಡ ಅಳೆದು ನೋಡಿದ್ದರು. ಚೌಕಟ್ಟಿನ ಜೀನು ಸವಾರನ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಿತ್ತು. ಚೌಕಟ್ಟಿಲ್ಲದ್ದರಲ್ಲಿ ಒತ್ತಡ ಸವಾರ ಕೂತ ಜಾಗದಲ್ಲೇ ಗುಡ್ಡೆ ಬಿದ್ದಿತ್ತು. ಎಳೆಯ ಬೆನ್ನಿಗೆ ಇದು ಹಿತವಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನೆನಪಾಗುವ ಸಂದರ್ಭವೂ ಇದೆ. ಜೀನು ಯಾವಾಗಲೂ ಒಂದೇ ಪಕ್ಕಕ್ಕೆ ವಾಲುತ್ತಿದ್ದರೆ ತಪ್ಪು ಜೀನಿನದೇ ಎಂದು ತೀರ್ಮಾನಿಸಿ ಇನ್ನೊಂದು ಕೊಳ್ಳುವವರಿದ್ದಾರೆ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಲಿನ್ ಗ್ರೇವ್ ಮತ್ತು ಸ್ಯೂ ಡೈಸನ್ ಎಂಬ ಪಶುವೈದ್ಯರು ಈ ವಾಲುವಿಕೆಗೂ ಹಿಂಗಾಲಿನ ಕುಂಟಿಗೂ ಸಂಬಂಧವಿದೆ ಎಂದು ತೋರಿಸಿಕೊಟ್ಟರು. ಕಣ್ಣಿಗೆ ಕಾಣದಷ್ಟು ಸಣ್ಣ ಕುಂಟಿದ್ದರೂ ಜೀನು ವಾಲಬಹುದು. ನೋವಿನ ನರಕ್ಕೆ ಅರಿವಳಿಕೆ ಚುಚ್ಚಿದಾಗ ಬಹುಪಾಲು ಕುದುರೆಗಳ ಮೇಲೆ ಅದೇ ಜೀನು ನೆಟ್ಟಗೆ ಕೂತಿತ್ತು. ಇದೇ ಇಬ್ಬರು 104 ಕುದುರೆಗಳ ಬೆನ್ನನ್ನು ಎರಡು ತಿಂಗಳಿಗೊಮ್ಮೆ ಒಂದು ವರ್ಷ ಅಳೆದಾಗ ದೊಡ್ಡ ಕುದುರೆಗಳ ಬೆನ್ನೂ ಬದಲಾಗುತ್ತಿರುವುದು ಕಂಡಿತು. ಹಾಗಿರುವಾಗ ನಾಲ್ಕು ವರ್ಷದ ಮರಿಯ ಬೆನ್ನನ್ನು ವರ್ಷಕ್ಕೊಮ್ಮೆ ನೋಡಿದರೆ ಯಾವ ಮೂಲೆಗೂ ಸಾಲದು. ಎರಡು ಮೂರು ತಿಂಗಳಿಗೊಮ್ಮೆ ಹೊಸ ಗೆರೆ ಎಳೆದು ಹಳೆಯದರ ಪಕ್ಕ ಇಟ್ಟು ನೋಡಬೇಕು. ಬ್ರಿಟನ್ನಿನಲ್ಲಿ 1966ರಿಂದ ಇರುವ ಸೊಸೈಟಿ ಆಫ್ ಮಾಸ್ಟರ್ ಸ್ಯಾಡ್ಲರ್ಸ್ ಈ ಕೆಲಸಕ್ಕೆಂದೇ ತರಬೇತಿ ಪಡೆದವರ ಪಟ್ಟಿ ಇಟ್ಟಿದೆ. ಜೀನಿನ ಹಾಸಿಗೆ ತುಂಬಿದ ಉಣ್ಣೆ ಕೂತುಹೋದಾಗ ಅದನ್ನು ಸರಿಮಾಡುವವರೂ ಅವರೇ.

ಮುಂದಕ್ಕೆ ಜಾರುವ ಜೀನಿನ ಪರಿಹಾರ ಬೇರೆ. ಇಂಥ ತಟ್ಟುಗಳ ಹೊಟ್ಟೆಪಟ್ಟಿ ಕೂರುವ ತಗ್ಗು ಮುಂಗಾಲಿನ ಹತ್ತಿರಕ್ಕೇ ಇರುತ್ತದೆ. ನೇರ ಪಟ್ಟಿ ಕಟ್ಟಿದರೆ ಅದು ಆ ತಗ್ಗಿಗೆ ಸರಿದು ಜೀನನ್ನೂ ಎಳೆದೊಯ್ಯುತ್ತದೆ. ಮೊಣಕೈ ಹಿಂದೆ ಒಳಬಾಗಿದ ಪಟ್ಟಿ ಬಳಸಿದರೆ ಎಷ್ಟೋ ಜಾರುವಿಕೆ ನಿಲ್ಲುತ್ತದೆ. ಬಾಲದ ಬುಡವನ್ನು ಬಳಸಿ ಬರುವ ಕ್ರಪ್ಪರ್ ಎಂಬ ಪಟ್ಟಿಯೂ ಚಿಕ್ಕ ಮಕ್ಕಳ ತಟ್ಟುಗಳಿಗೆ ಹಳೆಯ, ಒಳ್ಳೆಯ ಉಪಾಯ. ಆದರೆ ಜಾರುತ್ತದೆಂದು ಹೊಟ್ಟೆಪಟ್ಟಿಯನ್ನು ಉಸಿರುಗಟ್ಟುವಂತೆ ಬಿಗಿಯುವುದು, ಬಿಗಿಯಾದ ಜೀನಿನ ಕೆಳಗೆ ಇನ್ನೂ ಎರಡು ಕಂಬಳಿ ತುರುಕುವುದು ಮೂಕಪ್ರಾಣಿಗೆ ಮಾಡುವ ಅನ್ಯಾಯ. ಅದು ತನಗೆ ತಿಳಿದಂತೆ ದೂರು ಹೇಳುತ್ತದೆ. ಪಟ್ಟಿ ಕಟ್ಟುವಾಗ ಕಿವಿ ಹಿಂದಕ್ಕೆ ಮಡಚುತ್ತದೆ, ಕಚ್ಚಲು ಬರುತ್ತದೆ, ಇಳಿಜಾರಿನಲ್ಲಿ ಹೆಜ್ಜೆ ಕಿತ್ತಿಡದೆ ನಿಲ್ಲುತ್ತದೆ. ಇದನ್ನು ಹಟ ಎಂದು ಓದಿದವರು ಚಾವಟಿ ಹುಡುಕುತ್ತಾರೆ. ಕೆಲವು ತಿಂಗಳ ಮೇಲೆ ಹೆಗಲ ಹಿಂದೆ ರೂಪಾಯಿಯಗಲದ ಬಿಳಿಗೂದಲು ಕಾಣಿಸುತ್ತದೆ. ಒತ್ತಡಕ್ಕೆ ಕೂದಲ ಬೇರು ಕೆಟ್ಟ ಗುರುತು ಅದು. ಎಷ್ಟೋ ಸಲ ಅದು ಜೀವನಪೂರ್ತಿ ಮಾಸುವುದಿಲ್ಲ.

ಕೊಳ್ಳುವ ಮೊದಲು ಜೀನನ್ನು ಮನೆಗೆ ತರಿಸಿ, ಮಗುವನ್ನೇ ಕೂರಿಸಿ, ಗುಡ್ಡ ಇಳಿಸಿ ನೋಡಿ. ಭಾರ ಬಿದ್ದ ಮೇಲೂ ಕಮಾನಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ನಡುವಿನ ಕಾಲುವೆ ಬೆನ್ನೆಲುಬನ್ನು ಎಲ್ಲೂ ಮುಟ್ಟಬಾರದು. ಸುತ್ತಿ ಬಂದ ಮೇಲೆ ಬೆವರಿನ ಗುರುತು ಎರಡೂ ಪಕ್ಕ ಒಂದೇ ಸಮನಿದೆಯೇ ಎಂದು ಗಮನಿಸಿ. ಒದ್ದೆಯ ನಡುವೆ ಒಣಗಿದ ಮಚ್ಚೆಯಿದ್ದರೆ ಅಲ್ಲಿ ಜೀನು ಅತಿಯಾಗಿ ಒತ್ತುತ್ತಿದೆ, ಇಲ್ಲವೇ ಮುಟ್ಟುತ್ತಲೇ ಇಲ್ಲ. ಯಾವುದೂ ಹೊಂದದಿದ್ದರೆ ಈ ಬೇಸಿಗೆಯಲ್ಲಿ ಸವಾರಿ ಬೇಡ. ಉದ್ದ ಲಗಾಮು ಹಿಡಿದು ತಟ್ಟುವಿನ ಹಿಂದೆ ನಡೆಯುತ್ತ ತಿರುಗುವ, ನಿಲ್ಲುವ ಪಾಠ ಕಲಿಸಿ. ಮಗುವೂ ಜೊತೆಯಲ್ಲಿ ನಡೆದು ಬರಲಿ.