ನಿಷ್ಠೆಯ ಉಪದೇಶ ಮತ್ತು ಪುಣೆಯ ಲೆಕ್ಕ

ಏಡ್ಸ್ ದಿನದ ಭಾಷಣಗಳನ್ನು ನೀವೂ ಕೇಳಿರ್ತೀರಿ. ಸಂಯಮ ಇರಲಿ, ದಾಂಪತ್ಯದಲ್ಲಿ ನಿಷ್ಠೆ ಇರಲಿ, ಎಚ್‌ಐವಿ ಹತ್ತಿರ ಸುಳಿಯಲ್ಲ ಅಂತ ಹೇಳ್ತಾರೆ. ನಮ್ಮ ಪತ್ರಿಕೆಗಳ ಲೇಖನಗಳೂ ಹೆಚ್ಚಾಗಿ ಇದನ್ನೇ ಬರೆಯುತ್ತವೆ. ಹೆಣ್ಣಿನ ಮಟ್ಟಿಗೆ ಈ ಮಾತು ಅರ್ಧ ಸತ್ಯವೂ ಅಲ್ಲ ಎಂಬುದು ಗೊತ್ತಾಗಿದ್ದು ಪುಣೆಯಲ್ಲಿ, ಅದೂ ಮೂವತ್ತು ವರ್ಷಗಳ ಹಿಂದೆ.

ಪುಣೆಯ ಭೋಸರಿಯಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಎಂಬ ಹೆಸರಿನ ಸಂಸ್ಥೆ 1992ರಲ್ಲಿ ಶುರುವಾಯಿತು. ಅಲ್ಲಿನ ಡಾ. ರಮಣ ಗಂಗಾಖೇಡ್ಕರ್ (ಕೊರೊನಾ ಕಾಲದಲ್ಲಿ ಐಸಿಎಂಆರ್ ಪರವಾಗಿ ಟಿವಿಯಲ್ಲಿ ಮಾತಾಡುತ್ತಿದ್ದವರು, ನೆನಪಿರಬಹುದು) ಮತ್ತು ಸಂಗಡಿಗರು 1993ರಿಂದ 1996ರವರೆಗೆ ನಗರದ ಲೈಂಗಿಕ ರೋಗಗಳ ಕ್ಲಿನಿಕ್‌ಗಳಿಗೆ ಬಂದ 916 ಮಹಿಳೆಯರನ್ನು ಪರೀಕ್ಷಿಸಿದರು. ಲೈಂಗಿಕ ವೃತ್ತಿಯಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಸೋಂಕಿತ್ತು. ಅದು ಯಾರಿಗೂ ಅಚ್ಚರಿ ತರಲಿಲ್ಲ. ಅಚ್ಚರಿ ಇದ್ದದ್ದು ಉಳಿದ 391 ಮಂದಿಯಲ್ಲಿ. ಅವರು ಹೆಚ್ಚಿನವರು ಗಂಡನೊಬ್ಬನನ್ನೇ ಬಲ್ಲ ಗೃಹಿಣಿಯರು. ಅವರಲ್ಲೂ ಶೇ. 13.6 ಮಂದಿಗೆ ಎಚ್‌ಐವಿ! ಕ್ಲಿನಿಕ್‌ಗೆ ಬಂದವರ ಲೆಕ್ಕ ಇದು, ಇಡೀ ಊರಿನದ್ದಲ್ಲ, ನಿಜ. ಆದರೂ ಆ ಹೆಂಗಸರು ನಿಷ್ಠೆಯಲ್ಲಿ ಏನು ಕಡಿಮೆ ಮಾಡಿದ್ದರು, ಹೇಳಿ?

ಗಂಡನಿಂದ ಬಂತು ಎಂದಷ್ಟೇ ಹೇಳಿ ನಾವು ಸುಮ್ಮನಾಗ್ತೇವೆ. ಬೇಡ ಎನ್ನಲು, ಕಾಂಡೋಮ್ ಕೇಳಲು ಅವಳಿಗೆ ಆಗುತ್ತಿತ್ತಾ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 28,139 ವಿವಾಹಿತೆಯರ ಮಾಹಿತಿಯನ್ನು ತಾಳೆ ನೋಡಿದ ಅಧ್ಯಯನವೊಂದು 2008ರಲ್ಲಿ ಬಂತು. ಗಂಡನಿಂದ ಹೊಡೆತ ಮತ್ತು ಬಲವಂತದ ಸಂಭೋಗ ಎರಡನ್ನೂ ಅನುಭವಿಸಿದವರಲ್ಲಿ ಸೋಂಕು ಶೇ. 0.73, ಹಿಂಸೆ ಕಾಣದವರಲ್ಲಿ ಶೇ. 0.19. ಹೆಚ್ಚುಕಡಿಮೆ ನಾಲ್ಕು ಪಟ್ಟು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಬಲವಂತ ಮಾಡುವವನು ಕಾಂಡೋಮ್ ಹಾಕಿಕೊಳ್ಳುವುದಿಲ್ಲ, ಅವನಿಗೆ ಹೊರಗೂ ಸಂಬಂಧ ಇರುವ ಸಾಧ್ಯತೆ ಹೆಚ್ಚು, ಬಲವಂತದಲ್ಲಿ ಗಾಯವಾಗುತ್ತದೆ, ಗಾಯದ ಮೂಲಕ ವೈರಸ್ ಸುಲಭವಾಗಿ ಒಳಸೇರುತ್ತದೆ. ಎಳೆ ವಯಸ್ಸಿನ ಹುಡುಗಿಯ ಮೈಯಲ್ಲಿ ಈ ಅಪಾಯ ಇನ್ನೂ ಜಾಸ್ತಿ.

ಕಾನೂನು ಏನ್ಮಾಡ್ತಿದೆ ಅಂತೀರಾ? ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲಾತ್ಕಾರ ಅತ್ಯಾಚಾರವೇ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಹ ಈ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡಿತು. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಗಂಡನಾದ ಮಾತ್ರಕ್ಕೆ ಬಿಟ್ಟುಬಿಡಲಾಗದು ಎಂದು ಪ್ರಕರಣವೊಂದನ್ನು ಮುಂದುವರಿಸಲು ಹೇಳಿದ್ದೂ ಇದೆ. ಮಂಟಪದಲ್ಲೋ ನಿಕಾಹ್‌ನಲ್ಲೋ ಹುಡುಗಿ ಒಮ್ಮೆ ಹೂಂ ಅಂದರೆ ಜೀವನಪೂರ್ತಿ ಹೂಂ ಅಂದ ಹಾಗೆ ಅಂತ ಯಾರು ತೀರ್ಮಾನಿಸಿದರೋ ನನಗೆ ತಿಳಿಯದು.

ವಿಚಿತ್ರ ನೋಡಿ, ಹಿಂಸೆ ತಡೆದರೆ ಎಚ್‌ಐವಿ ತಡೆಯುವ ಕೆಲಸ ಹಗುರಾಗುತ್ತದೆ ಎಂಬುದನ್ನು ಮೊದಲು ಅರಿತವರು ನಾವು ಕೆಟ್ಟವರು ಅಂತ ದೂರವಿಟ್ಟ ಹೆಂಗಸರೇ. ಪುಣೆಯ ಬುಧವಾರ ಪೇಟೆಗೆ, ಸಾಂಗ್ಲಿ-ಮಿರಜಿಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಹೋದವರಲ್ಲಿ ಕನ್ನಡ ಮಾತಾಡುವವರು ಎಷ್ಟೋ ಮಂದಿ. ಸಾಂಗ್ಲಿಯಲ್ಲಿ ಅವರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಎಂಬ ಸಂಘಟನೆಯನ್ನೇ ಕಟ್ಟಿಕೊಂಡರು. ಪೊಲೀಸರ, ಗೂಂಡಾಗಳ ಹೊಡೆತವನ್ನು ಒಟ್ಟಾಗಿ ಎದುರಿಸಿದರು, ಕಾಂಡೋಮ್ ಹಂಚಿದರು. ಕರ್ನಾಟಕದಲ್ಲಿ ವೃತ್ತಿನಿರತ ಮಹಿಳೆಯರ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಹೊಡೆತ ತಿಂದವರಲ್ಲಿ ಕಾಂಡೋಮ್ ಬಳಕೆ ಕಡಿಮೆ, ಕಾರ್ಯಕ್ರಮ ತಲುಪಿದ ಕಡೆ ಹಿಂಸೆಯೂ ಇಳಿಯಿತು. ಹತ್ತೊಂಬತ್ತರ ಹೊಸ ಮದುಮಗಳಿಗೆ ಅಂಥ ಸಂಘ ಯಾವುದಿದೆ? ಸರ್ಕಾರದ ಯಾದಿಯಲ್ಲಿ ಅವಳು 'ಅಪಾಯದ ಗುಂಪು' ಅಲ್ಲವೇ ಅಲ್ಲ.

ಭಾಷಣಗಳಲ್ಲಿ ಬಾರದ ಇನ್ನೊಂದು ಸಂಗತಿ ಇದೆ, ವಿದ್ಯಾರ್ಥಿಗಳಂತೂ ತಿಳಿದಿರಲಿ. ಲೈಂಗಿಕ ದೌರ್ಜನ್ಯ ಆದ ಮೇಲೆ 72 ಗಂಟೆಯೊಳಗೆ, ಆದಷ್ಟು ಬೇಗ, ಔಷಧಿ ಶುರುಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿ ತಗಲದಂತೆ ಬಹುಮಟ್ಟಿಗೆ ತಡೆಯಬಹುದು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಎಫ್‌ಐಆರ್ ತನ್ನಿ ಅಂತ ಕಾಯಿಸುವ ಹಾಗಿಲ್ಲ. ಮನೆಯವರು ಮರ್ಯಾದೆಯ ಲೆಕ್ಕ ಹಾಕುತ್ತಾ ಮೂರು ರಾತ್ರಿ ಕಳೆದರೆ ಹೋಗುವುದು ಈ 72 ಗಂಟೆಯೇ.